ಪರದೇಶದಲ್ಲಿ ಮನೆ, ಜಮೀನು ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶದಲ್ಲಿ ಆಸ್ತಿ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಫೋಟೋ ನೋಡುತ್ತಾರೆ, ಆಮೇಲೆ ದರ ವಿಚಾರಿಸುತ್ತಾರೆ, ಮುಂಗಡ ಕೊಡುತ್ತಾರೆ, ಕೊನೆಗೆ ಕಾನೂನು ಕೇಳುತ್ತಾರೆ. ಕಾನೂನನ್ನು ಮೊದಲು ಕೇಳಿದ್ದರೆ ಅರ್ಧಕ್ಕರ್ಧ ತಕರಾರುಗಳು ಹುಟ್ಟುತ್ತಲೇ ಇರಲಿಲ್ಲ. ನಾನು ಕೊಳ್ಳುತ್ತಿರುವುದು ಯಾವ ಹಕ್ಕು, ಅದು ಯಾವ ಸರ್ಕಾರಿ ದಾಖಲೆಯಲ್ಲಿ ದಾಖಲಾಗುತ್ತದೆ, ಯಾರ ಹೆಸರಿಗೆ ದಾಖಲಾಗುತ್ತದೆ? ಈ ಮೂರಕ್ಕೂ ಕಾಗದದ ಮೇಲೆ ಉತ್ತರ ಸಿಗುವವರೆಗೆ ಸಹಿ ಹಾಕಬಾರದು. ಕೆಳಗಿರುವ ಉತ್ತರಗಳೆಲ್ಲ ಸುತ್ತುವುದು ಇದರ ಸುತ್ತಲೇ.

ವಿದೇಶಿಯರು ಎಲ್ಲ ದೇಶಗಳಲ್ಲೂ ಆಸ್ತಿ ಕೊಳ್ಳಬಹುದೇ?

ಇಲ್ಲ. ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಜರ್ಮನಿಗಳಲ್ಲಿ ವಿದೇಶಿಯರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಅಲ್ಲೂ ಅಪವಾದಗಳಿವೆ: ಅಮೆರಿಕದ ಫ್ಲಾರಿಡಾ ರಾಜ್ಯ 2023ರಲ್ಲಿ ಚೀನಾ ಸೇರಿದಂತೆ ಕೆಲವು ದೇಶಗಳವರ ಖರೀದಿಗೆ ಕಡಿವಾಣ ಹಾಕಿತು. ಇನ್ನು ಕೆಲವೆಡೆ ಅನುಮತಿ ಬೇಕು. ಡೆನ್ಮಾರ್ಕ್‌ನಲ್ಲಿ ನೆಲೆಸಿರದ, ಹಿಂದೆ ಐದು ವರ್ಷವಾದರೂ ಅಲ್ಲಿ ವಾಸ ಮಾಡಿರದ ವ್ಯಕ್ತಿಗೆ ಸಾಮಾನ್ಯವಾಗಿ ಸರ್ಕಾರದ ಒಪ್ಪಿಗೆ ಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಲೆಕ್ಸ್ ಕೊಲ್ಲರ್ ಎಂದು ಕರೆಯುವ ಕಾನೂನಿದೆ. ರಜಾಮನೆ ಕೊಳ್ಳುವ ವಿದೇಶಿಯರಿಗೆ ವರ್ಷಕ್ಕೆ ಸುಮಾರು 1,500 ಪರವಾನಗಿಗಳನ್ನಷ್ಟೇ ಕ್ಯಾಂಟನ್ ಎಂಬ ಅಲ್ಲಿನ ರಾಜ್ಯಗಳ ನಡುವೆ ಹಂಚುತ್ತಾರೆ.

ತಾತ್ಕಾಲಿಕವಾಗಿ ಬಾಗಿಲು ಹಾಕಿದ ದೇಶಗಳೂ ಇವೆ. ಕೆನಡಾ 2023ರ ಜನವರಿ 1ರಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದನ್ನು ನಿಷೇಧಿಸಿತು. ನಿಷೇಧವನ್ನು 2027ರ ಜನವರಿ 1ರವರೆಗೆ ವಿಸ್ತರಿಸಿತು. ಮೀರಿದವರಿಗೆ ದಂಡದ ಜೊತೆಗೆ, ಮನೆಯನ್ನು ಮಾರಿಸುವ ಆದೇಶವನ್ನೂ ನ್ಯಾಯಾಲಯ ನೀಡಬಹುದು. ಆಸ್ಟ್ರೇಲಿಯಾ 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಹಳೆಯ ಮನೆಗಳನ್ನು ವಿದೇಶಿಯರು ಕೊಳ್ಳದಂತೆ ತಡೆದಿದೆ. ಹೊಸದಾಗಿ ಕಟ್ಟುವ ಮನೆಗೆ ಅನುಮತಿ ಪಡೆದು ಮುಂದುವರಿಯಬಹುದು. ನ್ಯೂಜಿಲೆಂಡ್ 2018ರ ತಿದ್ದುಪಡಿಯಿಂದ ಬಹುಪಾಲು ವಿದೇಶಿಯರನ್ನು ಹೊರಗಿಟ್ಟಿತು, ಆಸ್ಟ್ರೇಲಿಯಾ ಮತ್ತು ಸಿಂಗಾಪುರದವರಿಗೆ ಮಾತ್ರ ವಿನಾಯಿತಿ ಕೊಟ್ಟಿತು.

ಕೊನೆಯ ಗುಂಪು ಹೆಚ್ಚು ಗೊಂದಲದ್ದು: ಫ್ಲ್ಯಾಟ್ ಕೊಳ್ಳಬಹುದು, ನೆಲ ಕೊಳ್ಳುವಂತಿಲ್ಲ. ಥಾಯ್ಲೆಂಡ್‌ನಲ್ಲಿ ಒಂದು ಕಾಂಡೊಮಿನಿಯಂ ಕಟ್ಟಡದ ಒಟ್ಟು ಮಾರಾಟಯೋಗ್ಯ ವಿಸ್ತೀರ್ಣದ ಶೇ. 49ರವರೆಗೆ ವಿದೇಶಿಯರ ಹೆಸರಿಗೆ ಹೋಗಬಹುದು. ಫಿಲಿಪೀನ್ಸ್‌ನಲ್ಲಿ ಈ ಮಿತಿ ಶೇ. 40. ಅಲ್ಲಿ ನೆಲದ ಒಡೆತನವನ್ನು 1987ರ ಸಂವಿಧಾನವೇ ಸ್ವದೇಶಿಯರಿಗೆ ಮೀಸಲಿಟ್ಟಿದೆ. ಫ್ಲ್ಯಾಟ್ ಖಾಲಿ ಇದ್ದರೆ ಸಾಲದು, ಆ ಕಟ್ಟಡದ ವಿದೇಶಿ ಪಾಲು ಇನ್ನೂ ಖಾಲಿ ಇದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಮಾರುವವರು ತಾವಾಗಿ ಹೇಳುವುದು ಕಡಿಮೆ.

ಮಾರುವವರು "ನಿಮ್ಮದೇ ಆಸ್ತಿ" ಎನ್ನುತ್ತಾರೆ. ಹಾಗೆಂದರೆ ಪೂರ್ಣ ಒಡೆತನವೇ?

ಹಲವು ಸಲ ಅಲ್ಲ. ಇಂಡೊನೇಷ್ಯಾದಲ್ಲಿ ಹಕ್ ಮಿಲಿಕ್ ಎಂಬ ಪೂರ್ಣ ಒಡೆತನ ಅಲ್ಲಿನ ಪ್ರಜೆಗಳಿಗೆ ಮಾತ್ರ. ವಿದೇಶಿಗೆ ಸಿಗುವುದು ಹಕ್ ಪಕಾಯ್, ಅಂದರೆ ಬಳಕೆಯ ಹಕ್ಕು: ಮೊದಲು 30 ವರ್ಷ, ವಿಸ್ತರಿಸಿದರೆ ಇನ್ನೂ 20, ನವೀಕರಿಸಿದರೆ ಮತ್ತೆ 30. ಥಾಯ್ಲೆಂಡ್‌ನಲ್ಲಿ ಮನೆಯ ಗುತ್ತಿಗೆ 30 ವರ್ಷ ಮೀರುವಂತಿಲ್ಲ. "ಮೂವತ್ತಾದ ಮೇಲೆ ಮತ್ತೆ ಮೂವತ್ತು, ಆಮೇಲೆ ಇನ್ನೊಂದು ಮೂವತ್ತು" ಎಂದು ಬಣ್ಣದ ಕರಪತ್ರದಲ್ಲಿ ಮುದ್ರಿಸುವುದು ಸುಲಭ; ನೆಲದ ಮಾಲೀಕ ಸತ್ತು ಅವನ ಮಕ್ಕಳು ಒಲ್ಲೆವೆಂದರೆ ಆ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ.

ಮೆಕ್ಸಿಕೊದ್ದು ಇನ್ನೊಂದು ಬಗೆ. 1917ರ ಸಂವಿಧಾನದ 27ನೇ ವಿಧಿಯ ಪ್ರಕಾರ ಗಡಿಯಿಂದ 100 ಕಿಲೋಮೀಟರ್, ಸಮುದ್ರತೀರದಿಂದ 50 ಕಿಲೋಮೀಟರ್ ಒಳಗಿನ ನೆಲದ ನೇರ ಒಡೆತನ ವಿದೇಶಿಯರಿಗೆ ಇಲ್ಲ. ಪ್ರವಾಸಿಗರು ಆಸೆಪಡುವ ಕಡಲತೀರವೆಲ್ಲ ಈ ಪಟ್ಟಿಯೊಳಗೇ ಬರುತ್ತದೆ. ಪರಿಹಾರವಾಗಿ ಫಿಡೆಯ್ಕೊಮಿಸೊ ಎಂಬ ಬ್ಯಾಂಕ್ ಟ್ರಸ್ಟ್ ಇದೆ: ಕಾಗದದಲ್ಲಿ ಒಡೆಯ ಬ್ಯಾಂಕು, ಫಲಾನುಭವಿ ನೀವು, ಅವಧಿ 50 ವರ್ಷ, ನವೀಕರಿಸಬಹುದು. ವಾಸ ಮಾಡಲು, ಬಾಡಿಗೆಗೆ ಕೊಡಲು, ಮಾರಲು, ವಾರಸುದಾರರನ್ನು ಹೆಸರಿಸಲು ನಿಮಗೆ ಹಕ್ಕಿದೆ. ಇದು ಕಾನೂನೇ ಒಪ್ಪಿದ ದಾರಿ, ಕಳ್ಳದಾರಿಯಲ್ಲ. ಆದರೆ ಅಲ್ಲಿಯೇ ಎಹಿಡೊ ಎಂಬ ಸಮುದಾಯ ಭೂಮಿಯೂ ಇದೆ. ಅದು ಖಾಸಗಿ ಭೂಮಿಯಾಗಿ ಪರಿವರ್ತನೆಯಾಗದ ಹೊರತು ಹೊರಗಿನವರಿಗೆ ಮಾರಾಟವಾಗದು. ಅಗ್ಗದ ಕಡಲತೀರದ ನಿವೇಶನ ಎಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಇಂಗ್ಲೆಂಡ್‌ನ ಫ್ಲ್ಯಾಟುಗಳಲ್ಲಿ ಹೆಚ್ಚಿನವು ಲೀಸ್‌ಹೋಲ್ಡ್, ಅಂದರೆ ಗೊತ್ತಾದ ವರ್ಷಗಳ ಗುತ್ತಿಗೆಯ ಹಕ್ಕು. ಉಳಿದ ಅವಧಿ 80 ವರ್ಷಕ್ಕಿಂತ ಕಡಿಮೆಯಾದರೆ ಸಾಲ ಸಿಗುವುದೂ ಮಾರುವುದೂ ಕಷ್ಟವಾಗುತ್ತ ಹೋಗುತ್ತದೆ. ದುಬೈನಲ್ಲಿ 2006ರ 7ನೇ ಕಾನೂನಿನ ಪ್ರಕಾರ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ವಿದೇಶಿಯರಿಗೆ ಪೂರ್ಣ ಒಡೆತನ, ಅದರಾಚೆಗೆ ಇಲ್ಲ.

ಅಲ್ಲಿಯ ಪರಿಚಯಸ್ಥರ ಹೆಸರಿನಲ್ಲಿ ಕೊಂಡು, ನಮ್ಮಿಬ್ಬರ ನಡುವೆ ಒಪ್ಪಂದ ಮಾಡಿಕೊಂಡರೆ?

ಅದು ಬೇನಾಮಿ. ಯಾವ ಭಾಷೆಯಲ್ಲಿ ಏನೇ ಹೆಸರಿಟ್ಟರೂ ಬೇನಾಮಿಯೇ. ಇಂಡೊನೇಷ್ಯಾದ 1960ರ ಭೂಕಾಯ್ದೆಯ ಪ್ರಕಾರ, ಪರೋಕ್ಷವಾಗಿ ವಿದೇಶಿಗೆ ಪೂರ್ಣ ಒಡೆತನ ದಾಟಿಸುವ ವ್ಯವಹಾರ ಅಸಿಂಧು, ಭೂಮಿ ಸರ್ಕಾರದ ಪಾಲು. ಥಾಯ್ಲೆಂಡ್‌ನಲ್ಲಿ ಸ್ಥಳೀಯರನ್ನು ಹೆಸರಿಗಷ್ಟೇ ಷೇರುದಾರರನ್ನಾಗಿಸಿ ಕಂಪನಿ ಕಟ್ಟಿ ನೆಲ ಕೊಳ್ಳುವುದು ಅಪರಾಧ. ನಿಮ್ಮ ಕೈಯಲ್ಲಿರುವ ಗುಟ್ಟಿನ ಒಪ್ಪಂದವನ್ನು ನ್ಯಾಯಾಲಯದ ಮುಂದಿಟ್ಟರೆ ಅದು ನಿಮ್ಮ ಹಕ್ಕಿಗೆ ಸಾಕ್ಷಿಯಾಗುವ ಬದಲು ನಿಮ್ಮ ತಪ್ಪಿಗೇ ಸಾಕ್ಷಿಯಾಗುತ್ತದೆ. ಹೆಸರು ಕೊಟ್ಟವರು ಎಷ್ಟೇ ಸಜ್ಜನರಾಗಿರಲಿ, ಅವರ ವಿಚ್ಛೇದನ, ಸಾಲ, ಸಾವು ನಿಮ್ಮ ಕೈಯಲ್ಲಿಲ್ಲ.

ನಿಜವಾದ ವ್ಯಾಪಾರಕ್ಕೆಂದು ಕಂಪನಿ ಹೆಸರಿನಲ್ಲಿ ಕೊಳ್ಳುವುದು ಬೇರೆ ವಿಷಯ. ಆದರೂ ಬ್ರಿಟನ್ 2022ರಿಂದ ಅಲ್ಲಿ ಆಸ್ತಿ ಹೊಂದಿರುವ ವಿದೇಶಿ ಕಂಪನಿಗಳ ಹಿಂದಿರುವ ನಿಜವಾದ ಒಡೆಯರ ಹೆಸರನ್ನು ನೋಂದಾಯಿಸಲೇಬೇಕೆಂದು ವಿಧಿಸಿದೆ.

ಎಲ್ಲಕ್ಕಿಂತ ಮೊದಲು ಯಾವ ಕಾಗದ ಮಾಡಿಸಿಕೊಳ್ಳಬೇಕು?

ತೆರಿಗೆ ಸಂಖ್ಯೆ. ಸ್ಪೇನ್‌ನಲ್ಲಿ ಎನ್‌ಐಇ, ಪೋರ್ಚುಗಲ್‌ನಲ್ಲಿ ಎನ್‌ಐಎಫ್, ಇಟಲಿಯಲ್ಲಿ ಕೊಡಿಚೆ ಫಿಸ್ಕಾಲೆ. ಈ ಸಂಖ್ಯೆಯಿಲ್ಲದೆ ಕ್ರಯಪತ್ರಕ್ಕೆ ಹೋಗಲಾಗದು, ತೆರಿಗೆ ಕಟ್ಟಲಾಗದು, ಎಷ್ಟೋ ಕಡೆ ವಿದ್ಯುತ್ ಸಂಪರ್ಕವೂ ಹೆಸರಿಗೆ ಬರದು. ಅರ್ಜಿಗೆ ವಾರಗಳು ಹಿಡಿಯಬಹುದು. ಮನೆ ಗೊತ್ತಾಗುವ ಮುಂಚೆಯೇ ಅರ್ಜಿ ಹಾಕಿದರೆ ನಷ್ಟವಿಲ್ಲ.

ನೋಟರಿ ಇದ್ದಾರೆ, ಏಜೆಂಟರಿದ್ದಾರೆ. ಪ್ರತ್ಯೇಕ ವಕೀಲರು ಏಕೆ?

ಅಲ್ಲಿ ಕುಳಿತವರಲ್ಲಿ ನಿಮ್ಮ ಪರ ಯಾರೂ ಇಲ್ಲದಿರುವುದರಿಂದ. ಏಜೆಂಟರಿಗೆ ಕಮಿಷನ್ ಸಿಗುವುದು ವ್ಯವಹಾರ ಮುಗಿದರೆ ಮಾತ್ರ, ಅದೂ ಹೆಚ್ಚಿನ ಕಡೆ ಮಾರುವವರಿಂದ. ಬಿಲ್ಡರ್ "ನಮ್ಮ ವಕೀಲರೇ ಎಲ್ಲ ನೋಡಿಕೊಳ್ಳುತ್ತಾರೆ, ಶುಲ್ಕವಿಲ್ಲ" ಎಂದರೆ ಆ ವಕೀಲರ ಅನ್ನದಾತ ಯಾರೆಂದು ಯೋಚಿಸಿ.

ನೋಟರಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಫ್ರಾನ್ಸ್, ಸ್ಪೇನ್, ಇಟಲಿ, ಜರ್ಮನಿ, ಮೆಕ್ಸಿಕೊಗಳಲ್ಲಿ ನೋಟರಿ ಎಂದರೆ ಕಾನೂನಿನಲ್ಲಿ ಪಳಗಿದ, ಸರ್ಕಾರ ಅಧಿಕಾರ ಕೊಟ್ಟ ದೊಡ್ಡ ಹುದ್ದೆ. ಜರ್ಮನಿಯಲ್ಲಿ ನೋಟರಿಯ ಮುಂದೆ ಆಗದ ಭೂಮಿ ಕರಾರಿಗೆ ಬೆಲೆಯೇ ಇಲ್ಲ. ಕರಾರನ್ನು ಅವರು ಗಟ್ಟಿಯಾಗಿ ಓದಿ ಹೇಳುತ್ತಾರೆ, ಪುಟ ಎಷ್ಟೇ ಇರಲಿ. ಅಮೆರಿಕದಲ್ಲಿ ನೋಟರಿ ಸಹಿ ಹಾಕಿದವರ ಗುರುತು ನೋಡಿ ಮೊಹರು ಒತ್ತುವುದಷ್ಟೇ ಸಾಮಾನ್ಯ. ಹಾಗಿದ್ದರೂ ಯುರೋಪಿನ ನೋಟರಿ ತಟಸ್ಥ ವ್ಯಕ್ತಿ. ದಸ್ತಾವೇಜು ಕಾನೂನುಬದ್ಧವೇ ಎಂದು ನೋಡುತ್ತಾರೆ. ಬೆಲೆ ದುಬಾರಿಯೇ, ಪಕ್ಕದ ಖಾಲಿ ಜಾಗದಲ್ಲಿ ನಾಳೆ ಹೆದ್ದಾರಿ ಬರಲಿದೆಯೇ, ಈ ಷರತ್ತು ನಿಮಗೆ ಹಾನಿಯೇ ಎಂದು ನಿಮ್ಮ ಕಿವಿಯಲ್ಲಿ ಹೇಳುವುದು ಅವರ ಕೆಲಸವಲ್ಲ. ಫ್ರಾನ್ಸ್‌ನಲ್ಲಿ ಮಾರುವವರಿಗೊಬ್ಬ, ಕೊಳ್ಳುವವರಿಗೊಬ್ಬ ನೋಟರಿ ಇರಬಹುದು, ನಿಗದಿಯಾದ ಸಂಭಾವನೆಯನ್ನು ಇಬ್ಬರೂ ಹಂಚಿಕೊಳ್ಳುವುದರಿಂದ ಅದಕ್ಕೆ ಹೆಚ್ಚುವರಿ ಖರ್ಚು ಬೀಳದು. ಗೊತ್ತಿದ್ದವರು ಇದನ್ನು ಬಳಸಿಕೊಳ್ಳುತ್ತಾರೆ.

ವಕೀಲರನ್ನು ಏಜೆಂಟರ ಪಟ್ಟಿಯಿಂದ ಆರಿಸಬೇಡಿ. ಆ ದೇಶದ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ, ವೃತ್ತಿಪರ ಹೊಣೆಗಾರಿಕೆಯ ವಿಮೆ ಇದೆಯೇ ಕೇಳಿ, ಶುಲ್ಕವನ್ನು ಬರೆಸಿಕೊಳ್ಳಿ.

ಮಾರುವವರೇ ನಿಜವಾದ ಮಾಲೀಕರೆಂದು ತಿಳಿಯುವುದು ಹೇಗೆ?

ಅವರು ತೋರಿಸುವ ಹಳೆಯ ಕ್ರಯಪತ್ರದಿಂದ ಮಾತ್ರ ತಿಳಿಯಲಾಗದು. ನೋಂದಣಿ ಕಚೇರಿಯಿಂದ ನೀವೇ ಅಥವಾ ನಿಮ್ಮ ವಕೀಲರೇ ಹೊಸ ಪ್ರತಿ ತೆಗೆಸಬೇಕು.

ಸ್ಪೇನ್‌ನ ನೋಟಾ ಸಿಂಪ್ಲೆ ಒಳ್ಳೆಯ ಉದಾಹರಣೆ. ಸುಮಾರು ಹತ್ತು ಯೂರೋಗೆ ಆಸ್ತಿ ನೋಂದಣಿ ಕಚೇರಿಯಿಂದ ಆನ್‌ಲೈನ್‌ನಲ್ಲೇ ಸಿಗುವ ಈ ಒಂದೆರಡು ಹಾಳೆಯಲ್ಲಿ ಮೂರು ಸಂಗತಿ ಇರುತ್ತವೆ. ಮೊದಲು ಆಸ್ತಿಯ ವಿವರ: ವಿಸ್ತೀರ್ಣ, ಚೆಕ್ಕುಬಂದಿ, ಕಟ್ಟಡ. ನೀವು ನೋಡಿ ಬಂದ ಮನೆಗೆ ಈಜುಕೊಳವೂ ಮೇಲಂತಸ್ತೂ ಇದ್ದು, ಹಾಳೆಯಲ್ಲಿ ಒಂದೇ ಅಂತಸ್ತಿನ ಮನೆ ಎಂದಿದ್ದರೆ ಉಳಿದದ್ದು ದಾಖಲೆಗೆ ಬಂದಿಲ್ಲವೆಂದೇ ಅರ್ಥ. ಎರಡನೆಯದು ಮಾಲೀಕರು ಮತ್ತು ಅವರ ಪಾಲು. ಗಂಡನೊಬ್ಬನೇ ಮಾತಾಡುತ್ತಿದ್ದು, ಹಾಳೆಯಲ್ಲಿ ಅರ್ಧ ಪಾಲು ಬೇರ್ಪಟ್ಟ ಹೆಂಡತಿಯ ಹೆಸರಿನಲ್ಲಿದ್ದರೆ ಅವಳ ಸಹಿಯಿಲ್ಲದೆ ಮುಂದಕ್ಕೆ ಹೋಗಲಾಗದು. ಮೂರನೆಯದು ಋಣಭಾರ: ಅಡಮಾನ, ಜಪ್ತಿ, ದಾರಿಯ ಹಕ್ಕು, ಯಾರೋ ಅಜ್ಜಿಗೆ ಜೀವವಿರುವವರೆಗೆ ಅಲ್ಲೇ ವಾಸಿಸುವ ಹಕ್ಕು. ಈ ಭಾಗದಲ್ಲಿ ಏನೂ ಇಲ್ಲವೆಂದು ಬರೆದಿದ್ದರೆ ನೆಮ್ಮದಿ. ಮುಂಗಡಕ್ಕೆ ಮುನ್ನ ಒಂದು ಪ್ರತಿ, ಸಹಿಯ ದಿನ ಬೆಳಿಗ್ಗೆ ಇನ್ನೊಂದು ಪ್ರತಿ ನೋಡಬೇಕು. ನಡುವೆ ಹೊಸ ಜಪ್ತಿ ಬಿದ್ದಿರಬಹುದು.

ಈ ಹಾಳೆ ಹೇಳದ ಬಾಕಿಗಳೂ ಉಂಟು. ಸ್ಪೇನ್‌ನಲ್ಲಿ ಹಿಂದಿನ ಮಾಲೀಕರು ಉಳಿಸಿಕೊಂಡ ನಿವಾಸಿಗಳ ಸಂಘದ ಬಾಕಿ, ಆ ವರ್ಷದ್ದೂ ಹಿಂದಿನ ಮೂರು ವರ್ಷಗಳದ್ದೂ, ಆಸ್ತಿಯನ್ನೇ ಹಿಂಬಾಲಿಸುತ್ತದೆ. ಬಾಕಿಯಿಲ್ಲವೆಂಬ ಪತ್ರವನ್ನು ಸಂಘದಿಂದ ಕೇಳಿ ಪಡೆಯಬೇಕು.

ಎಲ್ಲ ನೋಂದಣಿ ವ್ಯವಸ್ಥೆಗಳ ಬಲ ಒಂದೇ ಅಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಆರಂಭಿಸಿದ ಪದ್ಧತಿಯಲ್ಲಿ ನೋಂದಣಿ ಪುಸ್ತಕದಲ್ಲಿ ಹೆಸರಿದ್ದವರೇ ಒಡೆಯರು. ಸರ್ಕಾರವೇ ಅದಕ್ಕೆ ಖಾತರಿ. ಜರ್ಮನಿಯ ಭೂದಾಖಲೆಯಲ್ಲಿ ಹೆಸರು ಏರುವವರೆಗೆ ಒಡೆತನ ದಾಟುವುದೇ ಇಲ್ಲ. ಅದಕ್ಕೇ ಅಲ್ಲಿ ಮೊದಲು ಕೊಳ್ಳುವವರ ಪರವಾಗಿ ಮುನ್ನೋಂದಣಿ ಬರೆಸಿ, ಆಮೇಲೆ ನೋಟರಿ "ಈಗ ಹಣ ಕಟ್ಟಿ" ಎಂದು ಪತ್ರ ಕಳುಹಿಸುತ್ತಾರೆ. ಅಮೆರಿಕದಲ್ಲಿ ಕೌಂಟಿ ಕಚೇರಿ ದಸ್ತಾವೇಜನ್ನು ದಾಖಲಿಸಿಕೊಳ್ಳುತ್ತದೆಯೇ ಹೊರತು ಹಕ್ಕಿಗೆ ಖಾತರಿ ಕೊಡುವುದಿಲ್ಲ. ಆ ಕೊರತೆ ತುಂಬಲೆಂದೇ ಟೈಟಲ್ ವಿಮೆ ಅಲ್ಲಿ ಬೇರೂರಿದೆ. ಮಾಲೀಕರ ಪಾಲಿಸಿಯನ್ನು ಕೇಳಿ ಪಡೆಯಿರಿ, ಬ್ಯಾಂಕಿನ ಪಾಲಿಸಿ ಬ್ಯಾಂಕನ್ನಷ್ಟೇ ಕಾಯುತ್ತದೆ.

ದಾಖಲೆ ಸರಿಯಿದ್ದರೆ ಸ್ಥಳ ಪರಿಶೀಲನೆ ಬೇಕೇ?

ಬೇಕು. ಒಡೆತನದ ದಾಖಲೆ ಬೇರೆ, ಕಟ್ಟಡದ ಪರವಾನಗಿ ಬೇರೆ. 2008ರ ಜನವರಿಯಲ್ಲಿ ಸ್ಪೇನ್‌ನ ಅಲ್ಮೆರಿಯಾ ಪ್ರಾಂತದ ವೇರಾದಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯ ಮನೆಯನ್ನು ಸರ್ಕಾರವೇ ಕೆಡವಿಸಿತು. ಊರಿನ ಪುರಸಭೆ ಅವರಿಗೆ ಪರವಾನಗಿ ಕೊಟ್ಟಿತ್ತು, ಆದರೆ ಆ ಪರವಾನಗಿಯೇ ಕಾನೂನುಬಾಹಿರವೆಂದು ಪ್ರಾದೇಶಿಕ ಸರ್ಕಾರ ತಗಾದೆ ತೆಗೆದಿತ್ತು. ಒಂದು ಕಚೇರಿಯ ಮೊಹರು ಕಂಡು ನಿರಾಳರಾಗಬಾರದೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಡ.

ಹಾಗಾಗಿ ಭೂಬಳಕೆ ಯೋಜನೆಯಲ್ಲಿ ಆ ಜಾಗ ವಸತಿಯೋ ಕೃಷಿಯೋ, ಕಟ್ಟಡ ಪರವಾನಗಿ ಮತ್ತು ವಾಸಯೋಗ್ಯತೆಯ ಪತ್ರ ಇವೆಯೇ, ದಾರಿ ಯಾರದು, ನೀರು ಎಲ್ಲಿಂದ, ಈಗ ಮನೆಯಲ್ಲಿರುವವರು ಬಾಡಿಗೆದಾರರೇ ಎಂದು ನೋಡಬೇಕು. ಹಳ್ಳಿಗಾಡಿನ ಜಮೀನಾದರೆ ಸರ್ವೆಯವರನ್ನು ಕರೆದೊಯ್ದು ಮೂಲೆಗಲ್ಲುಗಳನ್ನು ನಕ್ಷೆಗೆ ಹೊಂದಿಸಿ. ಥಾಯ್ಲೆಂಡ್‌ನಲ್ಲಿ ಚನೋಟ್ ಎಂಬ ಹಕ್ಕುಪತ್ರ ನಿಖರ ಸರ್ವೆ ಆಧರಿಸಿದ್ದು, ಅದಕ್ಕಿಂತ ಕೆಳಗಿನ ದರ್ಜೆಯ ಪತ್ರಗಳಲ್ಲಿ ಗಡಿ ಅಷ್ಟು ಖಚಿತವಿರದು.

ಮುಂಗಡ ಕೊಟ್ಟ ಮೇಲೆ ಮನಸ್ಸು ಬದಲಾದರೆ?

ದೇಶದಿಂದ ದೇಶಕ್ಕೆ ಉತ್ತರ ಬೇರೆ. ಫ್ರಾನ್ಸ್‌ನಲ್ಲಿ ಮನೆ ಕೊಳ್ಳುವ ವ್ಯಕ್ತಿಗೆ ಕರಾರಿನ ನಂತರ ಹತ್ತು ದಿನಗಳ ಅವಕಾಶವಿದೆ. ಕಾರಣ ಹೇಳದೆ ಹಿಂದೆ ಸರಿಯಬಹುದು. ಬ್ಯಾಂಕ್ ಸಾಲ ಸಿಗದಿದ್ದರೆ ಕರಾರು ರದ್ದಾಗುವ ಷರತ್ತೂ ಅಲ್ಲಿ ವಾಡಿಕೆ. ಸ್ಪೇನ್‌ನಲ್ಲಿ ಸಾಮಾನ್ಯವಾಗಿ ಬಳಸುವ ಅರ್ರಾಸ್ ಕರಾರಿನಲ್ಲಿ ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಹಿಂದೆ ಸರಿದರೆ ಮುಂಗಡದ ಎರಡರಷ್ಟು ಕೊಡಬೇಕು. ಈ ಪರಿಣಾಮ ಬೇಕಿದ್ದರೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಇಂಗ್ಲೆಂಡ್‌ನದು ತದ್ವಿರುದ್ಧ. ಬೆಲೆ ಒಪ್ಪಿದ್ದಕ್ಕೆ ಯಾವ ಬಲವೂ ಇಲ್ಲ. ಎರಡೂ ಕಡೆಯ ವಕೀಲರು ಕರಾರುಗಳನ್ನು ವಿನಿಮಯ ಮಾಡಿಕೊಳ್ಳುವವರೆಗೆ ಯಾರು ಬೇಕಾದರೂ ಎದ್ದು ಹೋಗಬಹುದು. ಹೆಚ್ಚು ಬೆಲೆ ಕೊಡುವವರು ಬಂದರೆ ಮಾರುವವರು ಅತ್ತ ವಾಲುವುದು ಅಲ್ಲಿ ಮಾಮೂಲಿ. ವಿನಿಮಯದ ದಿನ ಸಾಮಾನ್ಯವಾಗಿ ಶೇ. 10 ಮುಂಗಡ ಕಟ್ಟುತ್ತಾರೆ, ಅಲ್ಲಿಂದಾಚೆಗೆ ಹಿಂದೆ ಸರಿದರೆ ಆ ಹಣ ಹೋಗುತ್ತದೆ.

"ಮನೆಯನ್ನು ಕಾದಿರಿಸಲು ಸಣ್ಣ ಮೊತ್ತ" ಎಂದು ಏಜೆಂಟರು ಮುಂದೆ ಚಾಚುವ ಒಂದು ಪುಟದ ಹಾಳೆಯ ಬಗ್ಗೆ ಎಚ್ಚರ. ಎಷ್ಟೋ ಸಲ ಅದೇ ಪೂರ್ಣ ಕರಾರಿನಷ್ಟು ಕಟ್ಟಿಹಾಕುತ್ತದೆ. ಮುಂಗಡ ಯಾರ ಖಾತೆಗೆ ಹೋಗುತ್ತದೆ ಎಂಬುದೂ ಮುಖ್ಯ: ವಕೀಲರ ಗ್ರಾಹಕ ಖಾತೆ, ನೋಟರಿಯ ಖಾತೆ ಅಥವಾ ಷರತ್ತು ಈಡೇರುವವರೆಗೆ ಮೂರನೆಯವರು ಹಣ ಹಿಡಿದಿಡುವ ಎಸ್ಕ್ರೋ ಖಾತೆಯಾದರೆ ಸರಿ, ಮಾರುವವರ ಸ್ವಂತ ಖಾತೆಯಾದರೆ ಕಾರಣ ಕೇಳಿ.

ಅಲ್ಲಿಯ ಭಾಷೆ ಬಾರದು. ಇಂಗ್ಲಿಷ್ ಪ್ರತಿಗೆ ಸಹಿ ಹಾಕಿದರೆ ಸಾಲದೇ?

ಸಾಮಾನ್ಯವಾಗಿ ಕಾನೂನಿನ ಕಣ್ಣಿಗೆ ಬೀಳುವುದು ಸ್ಥಳೀಯ ಭಾಷೆಯ ಪ್ರತಿ. ಎರಡು ಭಾಷೆಯ ಕರಾರಿನ ಕೊನೆಯ ಪುಟಗಳಲ್ಲಿ, ವ್ಯತ್ಯಾಸ ಬಂದರೆ ಯಾವ ಪ್ರತಿ ಊರ್ಜಿತ ಎಂಬ ಸಾಲಿರುತ್ತದೆ. ಅದನ್ನು ಮೊದಲು ಓದಿ. ಟರ್ಕಿಯಲ್ಲಿ ತುರ್ಕಿ ಭಾಷೆ ಬಾರದವರು ಭೂನೋಂದಣಿ ಕಚೇರಿಯಲ್ಲಿ ಸಹಿ ಹಾಕುವಾಗ ಪ್ರಮಾಣಿತ ದುಭಾಷಿ ಇರಲೇಬೇಕು. ದುಭಾಷಿಯನ್ನು ನೀವೇ ಗೊತ್ತುಮಾಡಿಕೊಳ್ಳಿ, ಏಜೆಂಟರ ತಂಗಿ ಬೇಡ.

ಅಲ್ಲಿಗೆ ಹೋಗದೆಯೇ ಕೊಳ್ಳಬಹುದೇ?

ಅಧಿಕಾರಪತ್ರದ ಮೂಲಕ ಸಾಧ್ಯ. ನಿಮ್ಮ ದೇಶದಲ್ಲಿ ನೋಟರಿಯ ಮುಂದೆ ಸಹಿ ಹಾಕಿ, 1961ರ ಹೇಗ್ ಒಡಂಬಡಿಕೆಗೆ ಎರಡೂ ದೇಶಗಳು ಸೇರಿದ್ದರೆ ಅಪೊಸ್ಟಿಲ್ ಮೊಹರು ಪಡೆದರೆ ಸಾಕು. ಸೇರಿರದಿದ್ದರೆ ವಿದೇಶಾಂಗ ಇಲಾಖೆ, ರಾಯಭಾರ ಕಚೇರಿ ಎಂದು ಸುತ್ತಬೇಕು. ಅಪೊಸ್ಟಿಲ್ ಸಹಿಯ ಸಾಚಾತನಕ್ಕೆ ಮಾತ್ರ ಸಾಕ್ಷಿ, ಒಳಗಿನ ಬರಹಕ್ಕಲ್ಲ.

ಬರಹವೇ ಇಲ್ಲಿ ಪ್ರಾಣ. "ನನ್ನ ಎಲ್ಲ ವ್ಯವಹಾರಗಳಿಗೂ" ಎಂದು ಬರೆದುಕೊಟ್ಟರೆ ಆ ವ್ಯಕ್ತಿ ನಿಮ್ಮ ಹೆಸರಿನಲ್ಲಿ ಸಾಲ ತೆಗೆಯಬಹುದು, ಕೊಂಡದ್ದನ್ನು ಮಾರಲೂಬಹುದು. ಇಂಥ ಆಸ್ತಿ, ಇಷ್ಟು ಬೆಲೆಯೊಳಗೆ, ಕೊಳ್ಳಲು ಮಾತ್ರ, ಇಂಥ ದಿನಾಂಕದವರೆಗೆ ಎಂದು ಕಟ್ಟು ಹಾಕಿ. ಮಾರುವವರಿಗಾಗಲಿ ಏಜೆಂಟರಿಗಾಗಲಿ ಅಧಿಕಾರಪತ್ರ ಕೊಡಲೇಬಾರದು.

ಇನ್ನೂ ಕಟ್ಟುತ್ತಿರುವ ಮನೆ ಕೊಳ್ಳುವುದು ಸುರಕ್ಷಿತವೇ?

ಆ ದೇಶದ ಕಾನೂನು ನಿಮ್ಮ ಕಂತುಗಳನ್ನು ಎಲ್ಲಿಡುತ್ತದೆ ಎಂಬುದರ ಮೇಲೆ ನಿಂತಿದೆ. ಫ್ರಾನ್ಸ್‌ನಲ್ಲಿ ಹಂತಕ್ಕೆ ತಕ್ಕ ಮಿತಿಯಿದೆ: ಅಡಿಪಾಯ ಮುಗಿದಾಗ ಒಟ್ಟು ಬೆಲೆಯ ಶೇ. 35ರವರೆಗೆ, ಮಳೆನೀರು ಒಳಗಿಳಿಯದಂತೆ ಚಾವಣಿಯಾದಾಗ ಶೇ. 70, ಕಟ್ಟಡ ಪೂರ್ತಿಯಾದಾಗ ಶೇ. 95. ಕೊನೆಯ ಶೇ. 5 ಕೀಲಿ ಕೈಗೆ ಬಂದಾಗ. ದೋಷವಿದ್ದರೆ ಅದನ್ನೂ ತಡೆಹಿಡಿಯಬಹುದು. ದುಬೈನಲ್ಲಿ 2007ರ 8ನೇ ಕಾನೂನಿನ ಪ್ರಕಾರ ಪ್ರತಿ ಯೋಜನೆಗೂ ಎಸ್ಕ್ರೋ ಖಾತೆ ಇರಬೇಕು. ಚೆಕ್ ಬರೆಯುವಾಗ ಬಿಲ್ಡರ್ ಹೆಸರಿಗೋ ಎಸ್ಕ್ರೋ ಖಾತೆಗೋ ಎಂದು ನೋಡಿಕೊಂಡರೆ ಈ ಕಾನೂನಿನ ಪ್ರಯೋಜನ ನಿಮಗೆ ಸಿಗುತ್ತದೆ.

ಸ್ಪೇನ್‌ನಲ್ಲಿ 1968ರಷ್ಟು ಹಿಂದೆಯೇ ಕಾನೂನೊಂದು ಕೊಳ್ಳುವವರ ಮುಂಗಡಕ್ಕೆ ಬ್ಯಾಂಕ್ ಖಾತರಿ ಅಥವಾ ವಿಮೆ ಕಡ್ಡಾಯ ಮಾಡಿತ್ತು. 2008ರ ಕುಸಿತದಲ್ಲಿ ಬಿಲ್ಡರುಗಳು ಮುಳುಗಿದಾಗ ಬಹಳ ಜನರ ಕೈಯಲ್ಲಿ ಆ ಖಾತರಿಪತ್ರ ಇರಲೇ ಇಲ್ಲ. ಖಾತರಿ ಇದೆಯೇ ಎಂದು ನೋಡದೆ ಹಣ ಜಮೆ ಮಾಡಿಕೊಂಡ ಬ್ಯಾಂಕುಗಳೂ ಹೊಣೆ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಹಣ ಮರಳಿ ಪಡೆಯಲು ಅಷ್ಟು ವರ್ಷ ಕಾಯುವ ಬದಲು ಪ್ರತಿ ಕಂತಿಗೂ ಖಾತರಿಪತ್ರ ಕೈಗೆ ಬಂದ ಮೇಲೆಯೇ ಹಣ ಬಿಡಿ.

ಹಣ ಕಳುಹಿಸುವಾಗ ಏನು ನೋಡಬೇಕು?

ನಿಮ್ಮ ದೇಶ ಹೊರಗೆ ಬಿಡುವ ಮಿತಿಯನ್ನು ಮೊದಲು ನೋಡಿ. ಚೀನಾದಲ್ಲಿ ಒಬ್ಬರಿಗೆ ವರ್ಷಕ್ಕೆ 50,000 ಡಾಲರ್, ಅದೂ ಆಸ್ತಿ ಖರೀದಿಗೆ ಬಳಸುವಂತಿಲ್ಲ. ಭಾರತದಲ್ಲಿ ನಿವಾಸಿಗಳಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್. ಆಮೇಲೆ ಹಣದ ಮೂಲದ ಪುರಾವೆ: ಸಂಬಳದ ಚೀಟಿ, ತೆರಿಗೆ ವಿವರ, ಹಳೆಯ ಆಸ್ತಿ ಮಾರಿದ ಕ್ರಯಪತ್ರ. ಹಣ ಅಕ್ರಮ ವರ್ಗಾವಣೆ ತಡೆ ಕಾನೂನಿನಿಂದಾಗಿ ಬ್ಯಾಂಕೂ ವಕೀಲರೂ ಇದನ್ನು ಕೇಳಲೇಬೇಕು. ಕೇಳದಿದ್ದರೆ ಅದೇ ಅನುಮಾನಕ್ಕೆ ಎಡೆ.

ಹಣ ಹೊರಗಿನಿಂದ ಬಂತೆಂಬ ದಾಖಲೆಯೇ ನೋಂದಣಿಗೆ ಬೇಕಾಗುವುದೂ ಉಂಟು. ಥಾಯ್ಲೆಂಡ್‌ನಲ್ಲಿ ವಿದೇಶಿ ಪಾಲಿನ ಫ್ಲ್ಯಾಟ್ ನೋಂದಾಯಿಸಲು ವಿದೇಶಿ ಕರೆನ್ಸಿ ಒಳಬಂದ ಬ್ಯಾಂಕ್ ಪತ್ರ ಕೊಡಬೇಕು. ನಿಮ್ಮ ಕಡೆಯಲ್ಲೇ ಥಾಯ್ ಕರೆನ್ಸಿಯಾದ ಬಾತ್‌ಗೆ ಬದಲಿಸಿ ಕಳುಹಿಸಿದರೆ ಆ ಪತ್ರ ಸಿಗದೆ ಪರದಾಡುತ್ತೀರಿ.

ವಂಚಕರು ಹೊಂಚು ಹಾಕುವುದು ಕೊನೆಯ ವಾರದಲ್ಲಿ. ವಕೀಲರ ಇ-ಮೇಲ್‌ಗೆ ಕನ್ನ ಹಾಕಿ ತಿಂಗಳುಗಟ್ಟಲೆ ಪತ್ರಗಳನ್ನು ಓದುತ್ತ ಕೂತು, ಹಣ ಕಟ್ಟುವ ಹಿಂದಿನ ದಿನ ಅದೇ ಧಾಟಿಯಲ್ಲಿ, ಅದೇ ಕಡತ ಸಂಖ್ಯೆ ಹಾಕಿ "ಲೆಕ್ಕಪರಿಶೋಧನೆಯ ಕಾರಣ ನಮ್ಮ ಖಾತೆ ಬದಲಾಗಿದೆ" ಎಂದು ಬರೆಯುತ್ತಾರೆ. ವಿಳಾಸದಲ್ಲಿ ಒಂದಕ್ಷರ ಆಚೀಚೆ ಇರುತ್ತದೆ, ಅಷ್ಟೇ. ಖಾತೆ ಸಂಖ್ಯೆಯನ್ನು ಮೊದಲ ಭೇಟಿಯಲ್ಲೇ ಬರೆದುಕೊಂಡು, ಬದಲಾವಣೆಯ ಮಾತು ಬಂದರೆ ಹಳೆಯ ಫೋನ್ ಸಂಖ್ಯೆಗೆ ಕರೆ ಮಾಡಿ, ಪರಿಚಿತ ದನಿಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ. ಹೊಸ ಪತ್ರದಲ್ಲಿರುವ ಸಂಖ್ಯೆಗೆ ಕರೆ ಮಾಡಿದರೆ ಫೋನ್ ಎತ್ತುವುದು ವಂಚಕನೇ.

ಬೆಲೆಯ ಮೇಲೆ ಇನ್ನೆಷ್ಟು ಖರ್ಚು?

ವಿದೇಶಿಯರೆಂಬ ಕಾರಣಕ್ಕೇ ಹೆಚ್ಚು ತೆರಿಗೆ ಹಾಕುವ ದೇಶಗಳಿವೆ. ಸಿಂಗಾಪುರ 2023ರ ಏಪ್ರಿಲ್ 27ರಿಂದ ವಸತಿ ಆಸ್ತಿ ಕೊಳ್ಳುವ ವಿದೇಶಿಯರ ಮೇಲೆ ಶೇ. 60 ಹೆಚ್ಚುವರಿ ಮುದ್ರಾಂಕ ಶುಲ್ಕ ವಿಧಿಸುತ್ತಿದೆ. ಮುಕ್ತ ವ್ಯಾಪಾರ ಒಪ್ಪಂದಗಳ ದೆಸೆಯಿಂದ ಅಮೆರಿಕ, ಸ್ವಿಟ್ಜರ್ಲೆಂಡ್ ಮೊದಲಾದ ಕೆಲವೇ ದೇಶಗಳವರಿಗೆ ಸ್ವದೇಶಿಯರ ದರ. ಇಂಗ್ಲೆಂಡ್‌ನಲ್ಲಿ 2021ರ ಏಪ್ರಿಲ್‌ನಿಂದ ಅನಿವಾಸಿಗಳಿಗೆ ಶೇ. 2 ಹೆಚ್ಚು. ಜರ್ಮನಿಯಲ್ಲಿ ವಿದೇಶಿ, ಸ್ವದೇಶಿ ಭೇದವಿಲ್ಲ, ರಾಜ್ಯವಾರು ಶೇ. 3.5ರಿಂದ 6.5. ದುಬೈನಲ್ಲಿ ವರ್ಗಾವಣೆ ಶುಲ್ಕ ಶೇ. 4. ಫ್ರಾನ್ಸ್‌ನ ಹಳೆಯ ಮನೆಗಳಿಗೆ ನೋಟರಿ ಮತ್ತು ತೆರಿಗೆ ಸೇರಿ ಸುಮಾರು ಶೇ. 7ರಿಂದ 8.

ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಿ ಎಂಬ ಸಲಹೆ ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಲಾಭ ಮಾರುವವರಿಗೆ. ನೀವು ಮುಂದೆ ಮಾರುವಾಗ ಕಾಗದದ ಮೇಲಿನ ಕಡಿಮೆ ಬೆಲೆಯಿಂದಲೇ ಲಾಭ ಲೆಕ್ಕ ಹಾಕಿ ತೆರಿಗೆ ಕಟ್ಟಿಸುತ್ತಾರೆ, ಅಂದರೆ ಅವರ ತೆರಿಗೆಯನ್ನೂ ನೀವೇ ಹೊತ್ತಂತೆ.

ಮನೆ ಕೊಂಡರೆ ವೀಸಾ ಸಿಗುತ್ತದೆಯೇ?

ಈಗ ಹಾಗೆ ನಂಬಿಕೊಳ್ಳುವಂತಿಲ್ಲ. ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲಿ, ಹಣ ಹೂಡಿದವರಿಗೆ ವಾಸದ ಪರವಾನಗಿ ಕೊಡುವ ಗೋಲ್ಡನ್ ವೀಸಾ ಯೋಜನೆಯಿಂದ ಆಸ್ತಿಯನ್ನು ತೆಗೆದುಹಾಕಿತು. ಸ್ಪೇನ್ 2025ರ ಏಪ್ರಿಲ್ 3ರಂದು ಯೋಜನೆಯನ್ನೇ ಮುಚ್ಚಿತು. ಟರ್ಕಿಯಲ್ಲಿ 2022ರ ಜೂನ್‌ನಿಂದ ಪೌರತ್ವಕ್ಕೆ ಕನಿಷ್ಠ 4,00,000 ಡಾಲರ್ ಆಸ್ತಿ ಕೊಂಡು ಮೂರು ವರ್ಷ ಮಾರದೆ ಇಟ್ಟುಕೊಳ್ಳಬೇಕೆಂಬ ನಿಯಮ ಬಂತು. ಹಳೆಯ ಕರಪತ್ರ ಹಿಡಿದು ಮಾರುವವರು ಈಗಲೂ ಇದ್ದಾರೆ.

ಅಲ್ಲಿಯ ಬ್ಯಾಂಕ್ ಸಾಲ ಕೊಡುತ್ತದೆಯೇ?

ಅನೇಕ ದೇಶಗಳಲ್ಲಿ ಕೊಡುತ್ತದೆ, ಆದರೆ ನಿವಾಸಿಗಳಿಗಿಂತ ಕಡಿಮೆ ಪಾಲಿಗೆ. ಆದಾಯ ಒಂದು ಕರೆನ್ಸಿಯಲ್ಲಿ, ಕಂತು ಇನ್ನೊಂದರಲ್ಲಿ ಇರುವುದರಿಂದ ವಿನಿಮಯ ದರ ಕೈಕೊಟ್ಟರೆ ಕಂತು ದಿಢೀರನೆ ಹಿಗ್ಗುತ್ತದೆ.

ಸತ್ತ ಮೇಲೆ ಆಸ್ತಿ ನನ್ನ ಉಯಿಲಿನಂತೆ ಹೋಗುತ್ತದೆಯೇ?

ಹೋಗಲೇಬೇಕೆಂದೇನಿಲ್ಲ. ಫ್ರಾನ್ಸ್‌ನಲ್ಲಿ ಒಂದು ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರನೇ ಎರಡು, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕನೇ ಮೂರು ಭಾಗ ಮಕ್ಕಳಿಗೆ ಮೀಸಲು; ಎಲ್ಲವೂ ಹೆಂಡತಿಗೆ ಎಂದು ಬರೆದರೂ ನಿಲ್ಲದು. ಯುರೋಪಿಯನ್ ಒಕ್ಕೂಟದ 2012ರ 650ನೇ ನಿಯಮ, 2015ರ ಆಗಸ್ಟ್ 17ರಿಂದ ಜಾರಿಗೆ ಬಂದದ್ದು, ಒಂದು ದಾರಿ ತೆರೆಯಿತು: ನನ್ನ ಪೌರತ್ವದ ದೇಶದ ಕಾನೂನೇ ಅನ್ವಯವಾಗಲಿ ಎಂದು ಉಯಿಲಿನಲ್ಲಿ ಬರೆಯಬಹುದು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಇದರಿಂದ ಹೊರಗಿವೆ. ಫ್ರಾನ್ಸ್ 2021ರ ಆಗಸ್ಟ್‌ನ ಕಾನೂನಿನಿಂದ ಈ ದಾರಿಯನ್ನು ಸ್ವಲ್ಪ ಕಿರಿದಾಗಿಸಿತು. ವಿದೇಶಿ ಕಾನೂನಿನಿಂದ ಪಾಲು ತಪ್ಪಿದ ಮಕ್ಕಳು ಫ್ರಾನ್ಸ್‌ನಲ್ಲಿರುವ ಆಸ್ತಿಯಿಂದ ತುಂಬಿಸಿಕೊಳ್ಳಲು ಕೆಲವು ಸಂದರ್ಭಗಳಲ್ಲಿ ಅವಕಾಶ ಕೊಟ್ಟಿತು.

ಅಮೆರಿಕದಲ್ಲಿ ಪೆಟ್ಟು ಬೀಳುವುದು ತೆರಿಗೆಯಿಂದ. ಅಲ್ಲಿ ನೆಲೆಸಿರದ ವಿದೇಶಿ ಸತ್ತರೆ, ಅಲ್ಲಿನ ಆಸ್ತಿಯಲ್ಲಿ 60,000 ಡಾಲರ್ ಮೀರಿದ ಮೌಲ್ಯಕ್ಕೆ ಶೇ. 40ರವರೆಗೆ ಮರಣೋತ್ತರ ತೆರಿಗೆ ಬೀಳಬಹುದು, ತೆರಿಗೆ ಒಪ್ಪಂದವಿದ್ದರೆ ಹೊರತು. ದುಬೈನಲ್ಲಿ ಮುಸ್ಲಿಮೇತರರು ಅಲ್ಲಿಯ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ಉಯಿಲು ನೋಂದಣಿಯಲ್ಲಿ 2015ರಿಂದ ಉಯಿಲು ದಾಖಲಿಸಬಹುದು. ಆಸ್ತಿಯಿರುವ ದೇಶಕ್ಕೆ ಪ್ರತ್ಯೇಕ ಉಯಿಲು ಬರೆದರೆ, "ಹಿಂದಿನ ಎಲ್ಲ ಉಯಿಲುಗಳೂ ರದ್ದು" ಎಂಬ ರೂಢಿಯ ಸಾಲು ಅದರಲ್ಲಿ ನುಸುಳದಂತೆ ನೋಡಿಕೊಳ್ಳಿ. ತಾಯ್ನಾಡಿನ ಉಯಿಲೂ ಅದರೊಂದಿಗೆ ರದ್ದಾದೀತು.

ಕೊಳ್ಳುವಾಗಲೇ ಮಾರುವ ಬಗ್ಗೆ ಯೋಚಿಸಬೇಕೇ?

ಹೌದು, ಏಕೆಂದರೆ ಮಾರುವವರ ತೆರಿಗೆಯ ಹೊಣೆ ಕೊಳ್ಳುವವರ ಕುತ್ತಿಗೆಗೂ ಬರುತ್ತದೆ. ಸ್ಪೇನ್‌ನಲ್ಲಿ ಮಾರುವವರು ಅನಿವಾಸಿಯಾದರೆ ಕೊಳ್ಳುವವರು ಬೆಲೆಯ ಶೇ. 3 ಹಿಡಿದು ತೆರಿಗೆ ಇಲಾಖೆಗೆ ಒಂದು ತಿಂಗಳೊಳಗೆ ಕಟ್ಟಬೇಕು. ಅಮೆರಿಕದಲ್ಲಿ 1980ರ ಕಾನೂನಿನಡಿ, ವಿದೇಶಿ ಮಾರುತ್ತಿದ್ದರೆ ಸಾಮಾನ್ಯವಾಗಿ ಶೇ. 15. ಹಿಡಿಯದೆ ಪೂರ್ತಿ ಕೊಟ್ಟುಬಿಟ್ಟರೆ ಇಲಾಖೆ ನಿಮ್ಮನ್ನೇ ಕೇಳುತ್ತದೆ. ನಾಳೆ ನೀವು ಮಾರುವಾಗ ಅಷ್ಟೇ ಮೊತ್ತ ನಿಮ್ಮದೂ ತಡೆಯಾಗುತ್ತದೆ. ಹೆಚ್ಚಾದದ್ದನ್ನು ಲೆಕ್ಕ ಕೊಟ್ಟು ಹಿಂಪಡೆಯಲು ಕೊಂಡಾಗಿನ ಬಿಲ್ಲು, ತೆರಿಗೆ ರಸೀದಿ, ಹಣ ಬಂದ ಬ್ಯಾಂಕ್ ಪತ್ರ, ದುರಸ್ತಿಯ ರಸೀದಿ ಎಲ್ಲವೂ ಬೇಕು. ಒಂದು ಕಡತ ಮಾಡಿಟ್ಟುಕೊಳ್ಳಿ.

ತಕರಾರು ಬಂದರೆ ನಮ್ಮ ದೇಶದಲ್ಲೇ ದಾವೆ ಹೂಡಬಹುದೇ?

ಒಡೆತನದ ಪ್ರಶ್ನೆಗೆ ಸಾಮಾನ್ಯವಾಗಿ ಇಲ್ಲ. ನೆಲವಿರುವ ದೇಶದ ನ್ಯಾಯಾಲಯವೇ ತೀರ್ಮಾನಿಸಬೇಕು. ಬ್ರಿಟನ್‌ನಲ್ಲಿ ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1893ರಲ್ಲೇ ಮೊಸಾಂಬಿಕ್‌ನ ಭೂಮಿಯ ಮೊಕದ್ದಮೆಯೊಂದರಲ್ಲಿ ಹೊರದೇಶದ ನೆಲದ ಹಕ್ಕನ್ನು ತಾನು ನಿರ್ಧರಿಸಲಾಗದೆಂದು ಹೇಳಿತ್ತು. ಯುರೋಪಿಯನ್ ಒಕ್ಕೂಟದ ನಿಯಮವೂ ಹಾಗೆಯೇ. ಮುಂಗಡ ವಾಪಸು, ವಿಳಂಬಕ್ಕೆ ಪರಿಹಾರದಂಥ ಕರಾರಿನ ಜಗಳಗಳನ್ನು ಮಾತ್ರ ಮಧ್ಯಸ್ಥಿಕೆಗೋ ಬೇರೆ ನ್ಯಾಯಾಲಯಕ್ಕೋ ಒಯ್ಯಲು ಕರಾರಿನಲ್ಲೇ ಅವಕಾಶ ಮಾಡಿಕೊಳ್ಳಬಹುದು. ಬಿಲ್ಡರುಗಳ ಮುದ್ರಿತ ಕರಾರಿನಲ್ಲಿ ಆ ಷರತ್ತು ಆಗಲೇ ಅವರಿಗೆ ಅನುಕೂಲವಾಗುವಂತೆ ಬರೆದಿರುತ್ತದೆ. ಮಧ್ಯಸ್ಥಿಕೆ ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ, ಅದರ ಶುಲ್ಕ ಮೊದಲು ಯಾರು ಕಟ್ಟಬೇಕು ಎಂಬುದನ್ನು ಸಹಿಗೆ ಮುಂಚೆ ವಕೀಲರಿಂದ ಓದಿಸಿ, ಒಗ್ಗದಿದ್ದರೆ ತಿದ್ದಿಸಿ.